ಬಿಸಿಸಾರಿನ ಗುಣ, ಬಿಸಿಸಾರಿನ ಮಿತಿ
(ಆರೋಗ್ಯ ಚಿಂತನ: ಚಳಿಗಾಲದ ನೆಗಡಿ ಮತ್ತು ಮನೆಯ ಉಪಚಾರ)

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ನಡೆಯಿತೆಂದರೆ ಬೆಂಗಳೂರಿಗೆ ಚಳಿಗಾಲ ಕಾಲಿಟ್ಟಿತೆಂದೇ ಲೆಕ್ಕ. ಮಾರ್ಗಶಿರ, ಪುಷ್ಯ ಮಾಸಗಳ ಮುಂಜಾವಿನಲ್ಲಿ ಇಲ್ಲಿನ ತಾಪಮಾನವು 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಅದರ ಬೆನ್ನಿಗೇ ಮನೆಮನೆಗಳಲ್ಲಿ ಸೀನು, ಕೆಮ್ಮು, ಗಂಟಲು ಕೆರೆತಗಳು ಆರಂಭವಾಗುತ್ತವೆ. ಶ್ರೀಮಠಕ್ಕೆ ಬರುವ ಸದ್ಭಕ್ತರು ಈ ದಿನಗಳಲ್ಲಿ ವೈದ್ಯನಾದ ನನ್ನನ್ನು ಕೇಳುವ ಪ್ರಶ್ನೆಗಳು ಎರಡೇ. ನೆಗಡಿಗೆ ಮನೆಯಲ್ಲಿ ಏನು ಮಾಡಿಕೊಳ್ಳಬಹುದು? ಆಸ್ಪತ್ರೆಗೆ ಯಾವಾಗ ಹೋಗಬೇಕು? ಮೊದಲನೆಯದಕ್ಕೆ ಉತ್ತರ ನಮ್ಮ ಅಡುಗೆಮನೆಗಳಲ್ಲಿಯೇ ಇದೆ. ಎರಡನೆಯದರ ಉತ್ತರವನ್ನು ನಾನು ವೈದ್ಯಕೀಯ ಗ್ರಂಥಗಳಿಂದ ಅರಿಯುವುದಕ್ಕೆ ಮುನ್ನವೇ ನಮ್ಮ ತಾತನವರ ಊಟದ ತಟ್ಟೆಯ ಮುಂದೆ ಕುಳಿತು ಕಲಿತೆ. ಈ ಲೇಖನದಲ್ಲಿ ಎರಡನ್ನೂ ಹೇಳಬಯಸುತ್ತೇನೆ.

ಅವೆನ್ಯೂ ರಸ್ತೆಯ ಚಳಿಗಾಲ

ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಸಾಗುವ ಅವೆನ್ಯೂ ರಸ್ತೆಗೆ ಹಿಂದೆ ದೊಡ್ಡಪೇಟೆಯೆಂದು ಹೆಸರು. ಅದರ ಒಂದು ಅಡ್ಡಗಲ್ಲಿಯಲ್ಲಿ ನಮ್ಮ ಮನೆ. ರಸ್ತೆಯ ಮೇಲೆ ತಾತನವರ ಸಣ್ಣ ಅಂಗಡಿ. ಕಿರ್ದಿ, ಖಾತೆ ಪುಸ್ತಕಗಳನ್ನು ಮಾರುವುದೇ ಅವರ ಕಾಯಕ. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯಲ್ಲಿ ವಿಭೂತಿ ಧರಿಸಿ, ಹೆಗಲ ಮೇಲೊಂದು ಉಣ್ಣೆಯ ಶಾಲು ಹೊದ್ದು ಅವರು ಅಂಗಡಿಯ ಬಾಗಿಲು ತೆರೆಯುತ್ತಿದ್ದರು. ಕೂಗಳತೆಯ ದೂರದಲ್ಲಿ ಗ್ರಂಥಿಗೆ ಅಂಗಡಿಗಳು. ಚಳಿಗಾಲ ಬಂತೆಂದರೆ ಅಜ್ಜಿ ಚೀಟಿಯೊಂದನ್ನು ಕೈಗಿತ್ತು ನನ್ನನ್ನು ಅಲ್ಲಿಗೆ ಕಳುಹಿಸುತ್ತಿದ್ದರು: ಒಣಶುಂಠಿ, ಹಿಪ್ಪಲಿ, ಕಾಳುಮೆಣಸು, ಜ್ಯೇಷ್ಠಮಧು. ಹಳೆಯ ಕಾಗದದಲ್ಲಿ ಕಟ್ಟಿಕೊಟ್ಟ ಆ ಪೊಟ್ಟಣಗಳ ಘಾಟಿಗೆ ದಾರಿಯಲ್ಲಿಯೇ ಎರಡು ಸೀನು ಬಂದು ಮೂಗು ತೆರೆದುಕೊಳ್ಳುತ್ತಿತ್ತು.

ತಿಂಗಳಿಗೊಂದು ಭಾನುವಾರ ತಾತ ನನ್ನನ್ನು ಹೋಟೆಲಿಗೆ ಕರೆದೊಯ್ಯುತ್ತಿದ್ದರು. ಒಮ್ಮೊಮ್ಮೆ ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನಕ್ಕೆ. ನಡೆಯುವ ಉತ್ಸಾಹವಿದ್ದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ. 1965ರಲ್ಲಿ ಆರಂಭವಾದ ಆ ಪುಟ್ಟ ಉಪಾಹಾರ ಗೃಹದಲ್ಲಿ ಇಡ್ಲಿಗೆ ಚಟ್ನಿ ಮಾತ್ರ. ಸಾಂಬಾರು ಇಲ್ಲವೇ ಇಲ್ಲ. ರಸ್ತೆಯ ಬದಿಯಲ್ಲಿ ನಿಂತು, ಹಬೆಯಾಡುವ ಇಡ್ಲಿಯನ್ನು ಮುರಿದು ಬಾಯಿಗಿಡುವಾಗ ಮುಂಜಾವಿನ ಚಳಿ ಮರೆತೇ ಹೋಗುತ್ತಿತ್ತು. ವರ್ಷಕ್ಕೊಮ್ಮೆ ಲಾಲ್‌ಬಾಗಿನ ಬಳಿಯ ಮಾವಳ್ಳಿ ಟಿಫನ್ ರೂಮ್ಸ್. 1924ರಲ್ಲಿ ಪ್ರಾರಂಭವಾದ ಆ ಸಂಸ್ಥೆಯವರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಗೋಧಿ ರವೆಯಿಂದ ಇಡ್ಲಿ ಮಾಡಿ ನೋಡಿದುದರಿಂದ ರವೆ ಇಡ್ಲಿ ಹುಟ್ಟಿತೆಂದು ಹೇಳುತ್ತಾರೆ. ತಾತನಿಗೆ ಈ ಕಥೆ ಬಹು ಪ್ರಿಯ. "ನೋಡಪ್ಪಾ, ಇಲ್ಲವೆಂದು ಕೊರಗುತ್ತ ಕೂರಲಿಲ್ಲ, ಇದ್ದುದರಲ್ಲೇ ರುಚಿ ಕಂಡುಕೊಂಡರು" ಎನ್ನುತ್ತಿದ್ದರು.

ಹೋಟೆಲಿನ ವಿಷಯದಲ್ಲಿ ಅವರು ಹಾಕಿಕೊಂಡಿದ್ದ ನಿಯಮಗಳು ಮೂರು. ಒಲೆಯಿಂದ ನೇರವಾಗಿ ತಟ್ಟೆಗೆ ಬಂದುದನ್ನು ಮಾತ್ರ ತಿನ್ನಬೇಕು. ಇನ್ನೂ ಎರಡು ತುತ್ತಿಗೆ ಜಾಗವಿರುವಾಗಲೇ ಏಳಬೇಕು. ನೆಗಡಿಯಾದಾಗ ಹೋಟೆಲಿಗೆ ಹೋಗಬಾರದು. ಮೂರನೆಯದನ್ನು ಕೇಳಿ ನಾನು ಅತ್ತದ್ದುಂಟು. ಬಿಸಿ ಇಡ್ಲಿ ಬೇಕೆನಿಸುವುದೇ ನೆಗಡಿಯಾದಾಗ! "ನಿನ್ನ ಸೀನು ಪಕ್ಕದವನ ತಟ್ಟೆಗೆ ಯಾಕಪ್ಪಾ? ಅವನ ಮನೆಯಲ್ಲೂ ಮಗುವಿರುತ್ತದೆ, ಮುದುಕರಿರುತ್ತಾರೆ" ಎಂಬುದು ಅವರ ಉತ್ತರ. ವೈದ್ಯನಾದ ಮೇಲೆ ಆ ಮಾತಿಗೆ ನಾನು ಸೇರಿಸಬೇಕಾದದ್ದು ಏನೂ ಉಳಿಯಲಿಲ್ಲ.

ನೆಗಡಿ ಎಂದರೇನು?

ನೆಗಡಿಯು ಚಳಿಯಿಂದಲೇ ಹುಟ್ಟುವ ರೋಗವೆಂಬ ನಂಬಿಕೆ ವ್ಯಾಪಕವಾಗಿದೆ. ವಸ್ತುತಃ ಅದು ವೈರಾಣುಗಳಿಂದ ಬರುತ್ತದೆ. ಇನ್ನೂರಕ್ಕೂ ಹೆಚ್ಚು ಬಗೆಯ ವೈರಾಣುಗಳು ನೆಗಡಿಯನ್ನು ತರಬಲ್ಲವು. ಅವುಗಳಲ್ಲಿ ರೈನೋವೈರಸ್ ಎಂಬ ಗುಂಪು ಪ್ರಮುಖವಾದುದು. ಚಳಿಗಾಲದಲ್ಲಿ ನಾವು ಕಿಟಕಿ ಬಾಗಿಲು ಮುಚ್ಚಿಕೊಂಡು ಒಟ್ಟಾಗಿ ಕೂರುತ್ತೇವೆ; ತಣ್ಣನೆಯ ಗಾಳಿಯಿಂದ ಮೂಗಿನ ಒಳಭಾಗದ ರಕ್ಷಣಾಶಕ್ತಿಯೂ ತಗ್ಗುತ್ತದೆ. ಆದುದರಿಂದ ಈ ಕಾಲದಲ್ಲಿ ನೆಗಡಿ ಬೇಗ ಹರಡುತ್ತದೆ. ಸೀನಿದಾಗ ಹಾರುವ ಹನಿಗಳು, ಮೂಗೊರೆಸಿದ ಕೈ, ಆ ಕೈ ಮುಟ್ಟಿದ ಲೋಟ, ಬಾಗಿಲ ಚಿಲಕ, ಇವೆಲ್ಲವೂ ಅದರ ದಾರಿಗಳು.

ವಯಸ್ಕರಿಗೆ ವರ್ಷಕ್ಕೆ ಎರಡು ಮೂರು ಬಾರಿ ನೆಗಡಿ ಬರುವುದು ಸಹಜ. ಮಕ್ಕಳಿಗೆ ಇನ್ನೂ ಹೆಚ್ಚು. ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಕೆಮ್ಮು ಮಾತ್ರ ಕೆಲವರಲ್ಲಿ ಇನ್ನಷ್ಟು ದಿನ ಉಳಿಯಬಹುದು. ನೆಗಡಿಯ ವೈರಾಣುವನ್ನು ಕೊಲ್ಲುವ ಮಾತ್ರೆಯಿಲ್ಲ. ಆಂಟಿಬಯೋಟಿಕ್ ಔಷಧಗಳು ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತವೆಯೇ ಹೊರತು ವೈರಾಣುಗಳ ಮೇಲಲ್ಲ. ಸಾಧಾರಣ ನೆಗಡಿಗೆ ಔಷಧದಂಗಡಿಯಿಂದ ನಾವಾಗಿಯೇ ಅವನ್ನು ತಂದು ನುಂಗಿದರೆ ಪ್ರಯೋಜನವಿಲ್ಲ. ಮುಂದೆ ನಿಜವಾಗಿ ಬೇಕಾದಾಗ ಅವು ಕೆಲಸಕ್ಕೆ ಬಾರದಂತಾಗುವ ಅಪಾಯವೂ ಇದೆ. ನೆಗಡಿಯನ್ನು ಗುಣಪಡಿಸುವುದು ನಮ್ಮ ದೇಹವೇ. ಆ ಕೆಲಸ ನಡೆಯುವಾಗ ದೇಹಕ್ಕೆ ನೀರು, ಆಹಾರ, ನಿದ್ರೆ, ಬೆಚ್ಚನೆಯ ಆಸರೆಗಳನ್ನು ಒದಗಿಸುವುದು ಮನೆಯವರ ಪಾಲಿನ ಸೇವೆ.

ಬಿಸಿಯಾದುದು ಹಿತವೇಕೆ?

2008ರಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವಾರಸ್ಯಕರವಾದ ಪ್ರಯೋಗವೊಂದನ್ನು ಪ್ರಕಟಿಸಿದರು. ನೆಗಡಿಯಿಂದ ಬಳಲುತ್ತಿದ್ದವರಿಗೆ ಹಣ್ಣಿನ ರಸದ ಒಂದೇ ಪಾನೀಯವನ್ನು ಬಿಸಿಯಾಗಿಯೂ ಕೋಣೆಯ ಉಷ್ಣತೆಯಲ್ಲಿಯೂ ಕೊಟ್ಟು ನೋಡಿದರು. ಬಿಸಿ ಪಾನೀಯ ಕುಡಿದವರಿಗೆ ಸೋರುವ ಮೂಗು, ಕೆಮ್ಮು, ಸೀನುಗಳ ಜೊತೆಗೆ ಗಂಟಲು ನೋವು, ಚಳಿ, ಆಯಾಸಗಳೂ ಕಡಿಮೆಯಾದಂತೆ ಅನಿಸಿತು. ಆದರೆ ಮೂಗಿನಲ್ಲಿ ಹರಿಯುವ ಗಾಳಿಯನ್ನು ಉಪಕರಣದಿಂದ ಅಳೆದಾಗ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದರ ಅರ್ಥವೇನು? ಬಿಸಿ ಪಾನೀಯವು ರೋಗವನ್ನು ಓಡಿಸಲಿಲ್ಲ; ರೋಗಿಗೆ ಹಿತವನ್ನು ನೀಡಿತು. ಬಿಸಿ ಮತ್ತು ರುಚಿಗಳು ಬಾಯಲ್ಲಿ ಜೊಲ್ಲನ್ನು ಹೆಚ್ಚಿಸಿ ಗಂಟಲನ್ನು ನುಣುಪಾಗಿಸುತ್ತವೆ. ಮೆಣಸಿನ ಖಾರಕ್ಕೆ ಮೂಗಿನ ಸಿಂಬಳ ನೀರಾಗಿ ಹರಿಯುತ್ತದೆ. ದೇಹಕ್ಕೆ ಬೇಕಾದ ನೀರಿನಂಶವೂ ದೊರೆಯುತ್ತದೆ. ಈ ಹಿತವನ್ನು ಅಲ್ಪವೆಂದು ಎಣಿಸಬಾರದು. ಹಿತವಾದರೆ ನಿದ್ರೆ ಬರುತ್ತದೆ, ನಿದ್ರೆ ಬಂದರೆ ದೇಹ ಚೇತರಿಸಿಕೊಳ್ಳುತ್ತದೆ. ಆದರೆ ಹಿತವನ್ನು ಗುಣವೆಂದು ಭ್ರಮಿಸಲೂಬಾರದು. ಈ ಲೇಖನದ ತಿರುಳು ಇಷ್ಟೇ.

ಅಜ್ಜಿಯ ಅಡುಗೆಮನೆಯಿಂದ

ಮೆಣಸಿನ ಸಾರು: ನಾಲ್ವರಿಗೆ ಕಾಳುಮೆಣಸು 1 ಟೀ ಚಮಚ, ಜೀರಿಗೆ 1 ಟೀ ಚಮಚ, ತೊಗರಿಬೇಳೆ 2 ಟೀ ಚಮಚ, ಒಂದೆಸಳು ಕರಿಬೇವು. ಇವನ್ನು ಕೆಲವು ಹನಿ ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದು ತರಿತರಿಯಾಗಿ ಕುಟ್ಟಬೇಕು. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ನೆನೆಸಿ ಕಿವುಚಿದ ರಸಕ್ಕೆ ನಾಲ್ಕು ಲೋಟ ನೀರು, ಉಪ್ಪು, ಚಿಟಿಕೆ ಅರಿಶಿನ, ಚೂರು ಬೆಲ್ಲ ಸೇರಿಸಿ, ಹುಳಿಯ ಹಸಿವಾಸನೆ ಹೋಗುವವರೆಗೆ ಕುದಿಸಿ, ಕುಟ್ಟಿದ ಪುಡಿಯನ್ನು ಹಾಕಿ ಇನ್ನೆರಡು ಕುದಿ ಬಂದ ಮೇಲೆ ಇಳಿಸಬೇಕು. ತುಪ್ಪದಲ್ಲಿ ಸಾಸಿವೆ, ಇಂಗಿನ ಒಗ್ಗರಣೆ. ಬೆಳ್ಳುಳ್ಳಿ ಬಳಸುವ ಮನೆಗಳಲ್ಲಿ ನಾಲ್ಕು ಎಸಳನ್ನು ಜಜ್ಜಿ ಹಾಕಬಹುದು. ಮೆತ್ತಗಿನ ಅನ್ನಕ್ಕೆ ಕಲಸಿಕೊಂಡು ಉಣ್ಣಲೂ ಸರಿ, ಲೋಟದಲ್ಲಿ ಕುಡಿಯಲೂ ಸರಿ.

ಕಷಾಯ: ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಎರಡು ಪಾಲು, ಕಾಳುಮೆಣಸು ಅರ್ಧ ಪಾಲು, ಒಣಶುಂಠಿ ಒಂದು ಸಣ್ಣ ತುಂಡು. ಬೆಚ್ಚಗೆ ಹುರಿದು ಪುಡಿ ಮಾಡಿಟ್ಟುಕೊಂಡರೆ ಚಳಿಗಾಲವಿಡೀ ಒದಗುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಪುಡಿ ಹಾಕಿ ಮುಕ್ಕಾಲು ಲೋಟಕ್ಕೆ ಇಳಿಯುವವರೆಗೆ ಕುದಿಸಿ ಸೋಸಿ, ಬೇಕಿದ್ದರೆ ಹಾಲು, ಬೆಲ್ಲ ಸೇರಿಸಿ. ದಿನಕ್ಕೆ ಎರಡು ಬಾರಿ ಸಾಕು. ಹೆಚ್ಚು ಕುಡಿದರೆ ಹೆಚ್ಚು ಗುಣವೆಂಬ ಲೆಕ್ಕ ಸಲ್ಲದು. ಬರಿಹೊಟ್ಟೆಯಲ್ಲಿ ಮೇಲಿಂದ ಮೇಲೆ ಖಾರದ ಕಷಾಯ ಕುಡಿದರೆ ಎದೆಯುರಿ, ಹೊಟ್ಟೆಯುರಿ ಬರುತ್ತದೆ.

ಗಂಜಿ: ಒಂದು ಪಾಲು ಅಕ್ಕಿಯ ನುಚ್ಚಿಗೆ ಎಂಟು ಪಾಲು ನೀರು, ಉಪ್ಪು, ಚಿಟಿಕೆ ಜೀರಿಗೆ. ನುಂಗಲು ಕಷ್ಟವಾದಾಗ ಇದಕ್ಕಿಂತ ಮಿಗಿಲಾದ ಆಹಾರವಿಲ್ಲ. ರಾಗಿಯ ಗಂಜಿಯೂ ಹಾಗೆಯೇ. ಹಬೆಯಲ್ಲಿ ಬೆಂದು, ಎಣ್ಣೆಯ ಗೊಡವೆಯಿಲ್ಲದ ಇಡ್ಲಿಯೂ ಇದೇ ಸಾಲಿಗೆ ಸೇರುತ್ತದೆ. ಹೋಟೆಲಿನ ಇಡ್ಲಿಯೇ ಬೇಕೆಂದು ರೋಗಿಯು ಬಯಸಿದರೆ ಆರೋಗ್ಯವಂತರು ಹೋಗಿ ಕಟ್ಟಿಸಿಕೊಂಡು ಬರಲಿ.

ಉಪ್ಪುನೀರು ಮತ್ತು ಜೇನು: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಬಾರಿ ಗಂಟಲು ಮುಕ್ಕಳಿಸಿದರೆ ಕೆರೆತ ತಗ್ಗುತ್ತದೆ. ಒಂದು ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಮಲಗುವ ಮುನ್ನ ಅರ್ಧದಿಂದ ಒಂದು ಟೀ ಚಮಚ ಜೇನು ರಾತ್ರಿಯ ಕೆಮ್ಮನ್ನು ಶಮನಗೊಳಿಸುತ್ತದೆ. ಮಲಗುವಾಗ ಕುಡಿಯುವ ಬಿಸಿ ಅರಿಶಿನ ಹಾಲು ಗಂಟಲಿಗೆ ಹಿತ; ಕಾಲು ಟೀ ಚಮಚ ಅರಿಶಿನ ಸಾಕು.

ಎಚ್ಚರಿಕೆಯ ಮಾತುಗಳು

ಮನೆಮದ್ದೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು.

ಒಂದು ವರ್ಷದೊಳಗಿನ ಶಿಶುವಿಗೆ ಜೇನನ್ನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವು ಎಳೆಯ ಕರುಳಿನಲ್ಲಿ ಬೆಳೆದು ಪ್ರಾಣಾಪಾಯ ತರಬಲ್ಲದು. ಎಳೆಯ ಮಕ್ಕಳ ಮೂಗಿಗೆ ಕರ್ಪೂರ ಹಚ್ಚುವುದೂ ಅಪಾಯಕರ. ಕರ್ಪೂರವು ದೇಹದೊಳಗೆ ಸೇರಿದರೆ ಫಿಟ್ಸ್ ಬರಬಹುದು.

ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಕಂಬಳಿ ಹೊದಿಸಿ ಹಬೆ ಕೊಡುವ ಪದ್ಧತಿಯನ್ನು ಬಿಡಬೇಕು. ಪಾತ್ರೆ ಉರುಳಿ ತೊಡೆ, ಹೊಟ್ಟೆ ಬೆಂದ ಮಕ್ಕಳನ್ನು ನಾನು ಕಂಡಿದ್ದೇನೆ. ಬಿಸಿ ಸಾರಿನ ಬಟ್ಟಲಿನಿಂದ ಏಳುವ ಹಬೆಯೇ ಅವರಿಗೆ ಸಾಕು.

ಜ್ಯೇಷ್ಠಮಧುವನ್ನು ದಿನವೂ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿನ ಪೊಟ್ಯಾಸಿಯಂ ಇಳಿಯುತ್ತದೆ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆಯಿರುವವರು ಅದನ್ನು ದೂರವಿಡುವುದು ಲೇಸು. ಸಕ್ಕರೆ ಕಾಯಿಲೆಯವರು ಕಷಾಯಕ್ಕೆ ಬೆಲ್ಲವನ್ನೂ, ರಾತ್ರಿ ಜೇನನ್ನೂ ಲೆಕ್ಕವಿಲ್ಲದೆ ಬಳಸಬಾರದು.

ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳುವವರು ನೆಗಡಿಯ ಮಾತ್ರೆಗಳಲ್ಲಿಯೂ ಅದೇ ಔಷಧ ಇದೆಯೇ ಎಂದು ನೋಡಬೇಕು. ಎರಡೂ ಸೇರಿ ಪ್ರಮಾಣ ಮೀರಿದರೆ ಯಕೃತ್ತಿಗೆ ಹಾನಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ತಾತ ಸಾರು ಬೇಡವೆಂದ ದಿನ

ಆಗ ನಾನು ವೈದ್ಯಕೀಯ ಶಿಕ್ಷಣದ ಮೊದಲ ವರ್ಷದಲ್ಲಿದ್ದೆ. ತಾತನಿಗೆ 74 ವರ್ಷ. ಪುಷ್ಯ ಮಾಸದ ಒಂದು ದಿನ ಅವರಿಗೆ ನೆಗಡಿಯಾಯಿತು. ಎಂದಿನಂತೆ ಅಜ್ಜಿ ಮೆಣಸಿನ ಸಾರು, ಕಷಾಯ ಮಾಡಿಕೊಟ್ಟರು. ನಾಲ್ಕನೆಯ ದಿನಕ್ಕೆ ತಾತ ಚೇತರಿಸಿಕೊಂಡು ಅಂಗಡಿಗೂ ಹೋಗಿ ಬಂದರು. ಆರನೆಯ ದಿನ ರಾತ್ರಿ ಊಟಕ್ಕೆ ಕುಳಿತವರು ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಎರಡು ತುತ್ತಾದರೂ ಉಣ್ಣಿ" ಎಂದರು ಅಜ್ಜಿ.

"ಬೇಡ ಕಣೇ" ಎಂದಷ್ಟೇ ಹೇಳಿ ಅವರು ಎದ್ದು ಹೋದರು.

ಪ್ರಸಾದವೆಂದು ಭಾವಿಸಿ ಸ್ವೀಕರಿಸಿದ ಅನ್ನವನ್ನು ತಾತ ಎಂದೂ ತಟ್ಟೆಯಲ್ಲಿ ಬಿಟ್ಟವರಲ್ಲ. ನಾವು ಅದನ್ನು ಗಮನಿಸಿದೆವು; ಆದರೆ ಅರ್ಥಮಾಡಿಕೊಳ್ಳಲಿಲ್ಲ. ಜ್ವರ ಹೆಚ್ಚೇನೂ ಇರಲಿಲ್ಲ. ಮರುದಿನ ಅವರು ನನ್ನನ್ನು ಎಂದೋ ತೀರಿಹೋಗಿದ್ದ ತಮ್ಮ ತಮ್ಮನ ಹೆಸರಿನಿಂದ ಕರೆದರು. ವಯಸ್ಸಾಯಿತು, ಆಯಾಸವಾಗಿದೆ ಎಂದುಕೊಂಡೆವು. ಕಷಾಯಕ್ಕೆ ಹಿಪ್ಪಲಿಯನ್ನು ಇನ್ನಷ್ಟು ಸೇರಿಸಿದೆವು. ಹೀಗೆ ಎರಡು ದಿನ ಕಳೆದವು. ಮೂರನೆಯ ದಿನ ಮುಂಜಾನೆ ಮೇಲಿನ ಮನೆಯಲ್ಲಿದ್ದ ನಿವೃತ್ತ ದಾದಿಯೊಬ್ಬರು ಬಂದು, ಮಾತನಾಡದೆ ತಾತನ ಎದೆಯನ್ನೇ ನೋಡುತ್ತ ಗಡಿಯಾರ ಹಿಡಿದು ಉಸಿರು ಎಣಿಸಿದರು. ನಿಮಿಷಕ್ಕೆ 34. "ಈಗಲೇ ಹೊರಡಿ" ಎಂದರು.

ಬಲಗಡೆಯ ಶ್ವಾಸಕೋಶದಲ್ಲಿ ನ್ಯುಮೋನಿಯಾ. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ತಾತ ಬದುಕಿ ಬಂದರು. ಆದರೆ ಮತ್ತೆಂದೂ ಅಂಗಡಿಯ ಬಾಗಿಲನ್ನು ತಾವೇ ತೆರೆಯುವಷ್ಟು ಬಲ ಅವರಿಗೆ ಬರಲಿಲ್ಲ. ಎರಡು ದಿನ ಮೊದಲೇ ಹೋಗಿದ್ದರೆ ಎಂಬ ಕೊರಗು ನಮ್ಮ ಮನೆಯಲ್ಲಿ ಬಹುಕಾಲ ಉಳಿಯಿತು. "ನನ್ನ ಕಷಾಯವೇ ಕೆಡಿಸಿತು" ಎಂದು ಅಜ್ಜಿ ಅಳುತ್ತಿದ್ದರು. ಕಷಾಯದ ತಪ್ಪು ಏನೂ ಇರಲಿಲ್ಲ. ಅದು ಮಾಡಲಾಗದ ಕೆಲಸವನ್ನು ನಾವು ಅದಕ್ಕೆ ಒಪ್ಪಿಸಿ ಕುಳಿತಿದ್ದೆವು. ವೃದ್ಧರಲ್ಲಿ ನ್ಯುಮೋನಿಯಾ ಬಂದಾಗ ಜ್ವರ ಏರದೆಯೂ ಇರಬಹುದು. ಊಟ ಸೇರದಿರುವುದು, ಮಂಕು ಕವಿಯುವುದು, ಮಾತು ತಪ್ಪುವುದು ಇವೇ ಮೊದಲ ಕುರುಹುಗಳಾಗಬಹುದು. ಮನೆಗೆ ಮರಳಿದ ದಿನ ತಾತ ಮೊದಲು ಕೇಳಿದ್ದು ಮೆಣಸಿನ ಸಾರನ್ನೇ. ಅಜ್ಜಿ ಕಣ್ಣೊರೆಸಿಕೊಂಡು ಒಲೆ ಹಚ್ಚಿದರು.

ಆಸ್ಪತ್ರೆಗೆ ಯಾವಾಗ?

ದೊಡ್ಡವರಲ್ಲಿ: ಏದುಸಿರು ಅಥವಾ ಎದೆನೋವು; ವಿಶ್ರಾಂತಿಯಲ್ಲಿಯೂ ನಿಮಿಷಕ್ಕೆ 30 ಅಥವಾ ಅದಕ್ಕೂ ಹೆಚ್ಚಿನ ಉಸಿರು; ಮೂರು ದಿನ ದಾಟಿದ ಜ್ವರ; ಇಳಿದಂತಾಗಿ ಮತ್ತೆ ಏರಿದ ಕಾಯಿಲೆ; ಕಫದಲ್ಲಿ ರಕ್ತ; ತುಟಿ ನೀಲಿಯಾಗುವುದು; ಗೊಂದಲದ ಮಾತು; ವೃದ್ಧರು ಊಟ, ನೀರನ್ನು ನಿರಾಕರಿಸುವುದು. ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು.

ಮಕ್ಕಳಲ್ಲಿ: ಮಗು ಅಳದೆ ಶಾಂತವಾಗಿರುವಾಗ ಪೂರ್ಣ ಒಂದು ನಿಮಿಷ ಉಸಿರನ್ನು ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರಾಟ. ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಮಗು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎರಡು ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೂ ಅಷ್ಟೇ.

ಯಾರಿಗೇ ಆಗಲಿ ಕೆಮ್ಮು ಎರಡು ವಾರ ಮೀರಿದರೆ ಕ್ಷಯರೋಗದ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ವೃದ್ಧರೂ, ಉಬ್ಬಸ, ಹೃದ್ರೋಗ, ಸಕ್ಕರೆ ಕಾಯಿಲೆಯವರೂ ಪ್ರತಿವರ್ಷ ಹಾಕಿಸಿಕೊಳ್ಳುವ ಇನ್‌ಫ್ಲುಯೆಂಜಾ ಲಸಿಕೆಯ ಕುರಿತು ತಮ್ಮ ವೈದ್ಯರೊಡನೆ ವಿಚಾರಿಸುವುದು ಒಳ್ಳೆಯದು.

ದಾಸೋಹಕ್ಕೆ ಬರುವ ಬಂಧುಗಳಲ್ಲಿ ಒಂದು ಬಿನ್ನಹ

ದಾಸೋಹದ ಅಡುಗೆಯಲ್ಲಿ, ಬಡಿಸುವಲ್ಲಿ ಸೇವೆ ಸಲ್ಲಿಸುವುದು ಭಾಗ್ಯವೆಂದು ಭಾವಿಸುವ ಭಕ್ತರು ಮೈ ಬಿಸಿಯಿದ್ದರೂ, ಮೂಗು ಸೋರುತ್ತಿದ್ದರೂ ಬರುವುದನ್ನು ನೋಡಿದ್ದೇನೆ. ಅವರ ಶ್ರದ್ಧೆಗೆ ಶರಣು. ಆದರೆ ಪಂಕ್ತಿಯಲ್ಲಿ ಕೂಸುಗಳೂ ವೃದ್ಧರೂ ಕುಳಿತಿರುತ್ತಾರೆ. ನೆಗಡಿ ಇಳಿಯುವವರೆಗೆ ಮನೆಯಲ್ಲಿರುವುದೂ ಆ ದಿನಗಳಲ್ಲಿ ಸೇವೆಯೇ. ಬರಲೇಬೇಕಾದಲ್ಲಿ ಮುಖಕ್ಕೆ ವಸ್ತ್ರ ಕಟ್ಟಿ, ಸೋಪಿನಿಂದ ಕೈ ತೊಳೆದು, ಅಡುಗೆಯಿಂದ ದೂರವಿರುವ ಕೆಲಸವನ್ನು ಕೇಳಿ ಪಡೆಯಿರಿ.

ಅವೆನ್ಯೂ ರಸ್ತೆಯ ಆ ಅಂಗಡಿ ಈಗ ನಮ್ಮದಾಗಿ ಉಳಿದಿಲ್ಲ. ಚಳಿಗಾಲದಲ್ಲಿ ಆ ಕಡೆ ಹೋದಾಗ ಗ್ರಂಥಿಗೆ ಅಂಗಡಿಯಿಂದ ಮೆಣಸು, ಒಣಶುಂಠಿ ಕಟ್ಟಿಸಿಕೊಂಡು ಬರುವ ರೂಢಿಯನ್ನು ಮಾತ್ರ ಬಿಟ್ಟಿಲ್ಲ. ಸಾರು ಮಾಡಿ ಮನೆಯವರಿಗೆ ಬಡಿಸುತ್ತೇನೆ. ಬಡಿಸಿದ ಮೇಲೆ ಯಾರು ಎಷ್ಟು ಉಂಡರೆಂದು ನೋಡುತ್ತೇನೆ. ತಾವೂ ಹಾಗೆ ನೋಡಿರಿ. ಕಾಯಿಲೆಯವರಿಗೆ ಬಿಸಿಯಾಗಿ ಬಡಿಸುವುದು ಅರ್ಧ ಉಪಚಾರ. ಅವರು ಉಂಡರೇ ಎಂದು ಗಮನಿಸುವುದು ಉಳಿದರ್ಧ.